ಲೇಔಟಿಗೆಲ್ಲಾ ಸ್ಪ್ರೇ ಹೊಡೆಸೋದು – ಜೇಡರ ಬಲೆ ವಿಷಯ, ಎಲ್ಲರೂ ಓದಿ

ಕಮಿಟಿ (1ನೇ ಕ್ರಾಸ್): ಎಲ್ಲರಿಗೂ ನಮಸ್ಕಾರ. ಮಳೆ ಕಮ್ಮಿ ಆದ್ಮೇಲೆ ಕಾಂಪೌಂಡು, ಗೇಟ್ ಲೈಟು, ಪಾರ್ಕ್ ಬೇಲಿ ಎಲ್ಲಾ ಕಡೆ ಜೇಡರ ಬಲೆ ಅಂತ ಕಂಪ್ಲೇಂಟ್ ಬರ್ತಾ ಇದೆ. ಆಯುಧಪೂಜೆ ಒಳಗೆ ಪೆಸ್ಟ್ ಕಂಟ್ರೋಲ್‌ನೋರನ್ನ ಕರೆಸಿ ಇಡೀ ಲೇಔಟಿಗೆ ಹೊಡೆಸೋಣ ಅಂತಿದೀವಿ, ಪ್ರತಿ ಮನೆಯಿಂದ ದುಡ್ಡು ಹಾಕ್ಬೇಕಾಗುತ್ತೆ. ಏನಂತೀರಿ?

2ನೇ ಕ್ರಾಸ್ ಕಾರ್ನರ್ ಮನೆ: ಬೇಗ ಮಾಡ್ಸಿ ಸಾರ್. ಮಗಳ ಕತ್ತಿನ ಮೇಲೆ ಬೆಳಗಾಗೋಷ್ಟ್ರಲ್ಲಿ ಉದ್ದಕ್ಕೆ ಕೆಂಪಗಾಗಿ ಗುಳ್ಳೆ ಎದ್ದಿದೆ, ನಮ್ಮತ್ತೆ ಜೇಡ ಉಚ್ಚೆ ಹುಯ್ದಿದೆ ಅಂತಾರೆ. ಬಾತ್‌ರೂಮಲ್ಲಿ ಅಂಗೈ ಅಗಲದ್ದೊಂದು ಸೇರ್ಕೊಂಡಿದೆ, ಮಕ್ಕಳು ಒಳಗೆ ಹೋಗೋಕೇ ಒಪ್ತಾ ಇಲ್ಲ.

ಪಾರ್ಕ್ ಎದುರು ಮನೆ: ಮೇಡಂ, ಮೊದ್ಲು ಮಗೂನ ಸ್ಕಿನ್ ಡಾಕ್ಟ್ರಿಗೆ ತೋರ್ಸಿ. ಗೆರೆಗೆರೆಯಾಗಿ ಉರಿ ಗುಳ್ಳೆ ಬಂದ್ರೆ ಸಾಮಾನ್ಯವಾಗಿ ಅದು ಜೇಡದ ಕೆಲಸ ಅಲ್ಲ. ಈ ಸೀಸನ್ನಲ್ಲಿ ಟ್ಯೂಬ್‌ಲೈಟಿಗೆ ಬಂದು ಮುತ್ಕೊಳುತ್ತಲ್ಲ, ಉದ್ದ ಇರುವೆ ಥರ, ಕಿತ್ತಳೆ ಕಪ್ಪು ಪಟ್ಟೆ ಇರೋದು, ಪೆಡೆರಸ್ ಅಂತ ಆ ಹುಳದ ಹೆಸರು, ಅದು ಕತ್ತಿನ ಮೇಲೆ ಕೂತಾಗ ನಿದ್ದೆಗಣ್ಣಲ್ಲಿ ಉಜ್ಜಿಬಿಡ್ತೀವಿ, ಅದರ ಮೈಯೊಳಗಿನ ಪೆಡೆರಿನ್ ಅನ್ನೋ ವಿಷ ಚರ್ಮಕ್ಕೆ ಹತ್ತಿ ಒಂದೆರಡು ದಿನದಲ್ಲಿ ಬೊಬ್ಬೆ ಏಳುತ್ತೆ. ಮೈ ಮೇಲೆ ಕಂಡ್ರೆ ಊದಿ ಹಾರ್ಸಿ, ಉಜ್ಜಬೇಡಿ. ಉಜ್ಜಿಹೋದ್ರೆ ತಕ್ಷಣ ಸೋಪು ಹಾಕಿ ತೊಳೀರಿ, ಆ ಕೈ ಕಣ್ಣಿಗೆ ಹೋಗಬಾರದು.

ನಿಮ್ಮ ಬಾತ್‌ರೂಮಿಂದು ಕಂದು ಬಣ್ಣ, ಚಪ್ಪಟೆ ಮೈ, ಕಾಲು ಅಗಲಿಸ್ಕೊಂಡು ಗೋಡೆಗೆ ಅಂಟ್ಕೊಂಡಿದ್ರೆ ಅದು ಬಲೆ ಕಟ್ಟೋ ಜಾತಿನೇ ಅಲ್ಲ. ರಾತ್ರಿ ಓಡಾಡಿ ಜಿರಳೆ ಹಿಡಿದು ತಿನ್ನುತ್ತೆ. ಹೆಣ್ಣಾದ್ರೆ ಹೊಟ್ಟೆ ಕೆಳಗೆ ನಾಣ್ಯದಷ್ಟು ಅಗಲದ ಬಿಳಿ ಮೊಟ್ಟೆಚೀಲ ಹೊತ್ಕೊಂಡೇ ತಿರುಗ್ತಾ ಇರುತ್ತೆ, ನೋಡಿ ಬೇಕಾದ್ರೆ. ಕೈಯಲ್ಲಿ ಹಿಡಿದು ಒತ್ತಿದ್ರೆ ಕಚ್ಚಬಹುದು, ನೋವು ಬಾವು ಬರುತ್ತೆ, ಇಲ್ಲಾಂದ್ರೆ ನಮ್ಮನ್ನ ಕಂಡ್ರೆ ಓಡೋದೇ. ಇನ್ನು ಸೂರಿನ ಮೂಲೇಲಿ ಕೂದಲಿನಷ್ಟು ಸಣ್ಣ ಉದ್ದ ಕಾಲಿನದು ಇರುತ್ತಲ್ಲ, ಮುಟ್ಟಿದ್ರೆ ಬಲೆ ಸಮೇತ ಗಡಗಡ ಅಲ್ಲಾಡುತ್ತೆ, ಅದು ಡೆಂಗ್ಯೂ ಹರಡೋ ಈಡಿಸ್ ಸೊಳ್ಳೆನೂ ತಿನ್ನುತ್ತೆ.

4ನೇ ಕ್ರಾಸ್ ಗ್ರೌಂಡ್ ಫ್ಲೋರ್: ಹಾಗಂತ ಮನೆ ತುಂಬ ಬಲೆ ಇಟ್ಕೊಳ್ಳೋಕಾಗುತ್ತಾ ಅಣ್ಣ, ದಸರಾಗೆ ನೆಂಟರೆಲ್ಲಾ ಮೈಸೂರಿಗೇ ಬರೋದು, ಗೇಟ್ ತೆಗೆದ್ರೆ ಮುಖಕ್ಕೆ ಮೆತ್ಕೊಳುತ್ತೆ.

ಪಾರ್ಕ್ ಎದುರು ಮನೆ: ಇಟ್ಕೊಳ್ಳಿ ಅಂತಿಲ್ಲ ಕಣ್ರೀ, ಬಲೆ ತೆಗೀರಿ, ವಿಷ ಬೇಡ ಅಂತಿದೀನಿ. ಪೆಸ್ಟ್ ಕಂಟ್ರೋಲ್‌ನೋರು ಹೆಚ್ಚಾಗಿ ಹೊಡೆಯೋದು ಪೈರೆಥ್ರಾಯ್ಡ್ ಅನ್ನೋ ಹುಳ ಸಾಯಿಸೋ ಔಷಧಿ. ಗೋಡೆಗೆ ಹೊಡೆದ್ರೆ ಬಲೆ ಮೇಲೆ ನೇತಾಡೋ ಜೇಡಕ್ಕೆ ಅದು ತಾಗೋದೇ ಕಮ್ಮಿ, ಆದ್ರೆ ಜೇನುನೊಣ ಸಾಯುತ್ತೆ, ತೊಟ್ಟಿ ಮೀನು ಸಾಯುತ್ತೆ, ಬೆಕ್ಕಿಗೂ ವಿಷ. ನಮ್ಮ ಲೈನಲ್ಲೇ ಬೆಕ್ಕು ಸಾಕಿರೋ ಮನೆಗಳಿವೆ, ಸಂಪ್ ಮುಚ್ಚಳ ಸರಿಯಾಗಿ ಕೂರದ ಮನೆಗಳೂ ಇವೆ, ನನಗೆ ನಿಜವಾಗ್ಲೂ ಭಯ ಅದೇ.

ಗೇಟಲ್ಲೇ ಬಲೆ ಯಾಕೆ ಕಟ್ಟುತ್ತೆ ಅಂದ್ರೆ ರಾತ್ರಿಯೆಲ್ಲಾ ಬೆಳ್ಳಗೆ ಉರಿಯೋ ಎಲ್‌ಇಡಿಗೆ ಹುಳ ಬರುತ್ತೆ, ಹುಳ ಬಂದ ಕಡೆ ಜೇಡ. ಹಳದಿ ಬಲ್ಬ್ ಹಾಕಿ, ಇಲ್ಲಾ ಮಲಗೋವಾಗ ಆರ್ಸಿ, ಪೆಡೆರಸ್ ಕಾಟನೂ ಕಮ್ಮಿ ಆಗುತ್ತೆ. ಉದ್ದ ಕೋಲಿಗೆ ಪೊರಕೆ ಕಟ್ಟಿ ವಾರಕ್ಕೊಂದ್ಸಲ ಬಲೆ ತೆಗೆದ್ರೆ ಸಾಕು. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ, ಕಿಟಕಿಗೆ ಮೆಶ್.

ಪಾರ್ಕ್ ಬೇಲೀದು ಮಾತ್ರ ದಯವಿಟ್ಟು ಮುಟ್ಟಬೇಡಿ. ಅಲ್ಲಿನ ಜೇಡ ಬಲೆ ಮಧ್ಯ ತಲೆಕೆಳಗಾಗಿ, ಎರಡೆರಡು ಕಾಲು ಜೋಡಿಸ್ಕೊಂಡು ಗುಣಾಕಾರ ಚಿಹ್ನೆ ಥರ ಕೂತಿರುತ್ತೆ, ಸುತ್ತ ಬಿಳಿ ದಾರದಲ್ಲಿ ಅಂಕುಡೊಂಕು ನೇಯ್ದಿರುತ್ತೆ. ಸ್ಕೂಲ್ ಮಕ್ಕಳು ನಿಂತು ನೋಡ್ತಾರೆ. ಓಡಾಡೋ ದಾರಿಗೆ ಅಡ್ಡ ಇರೋದಷ್ಟೇ ತೆಗೆಯೋಣ.

4ನೇ ಕ್ರಾಸ್ ಗ್ರೌಂಡ್ ಫ್ಲೋರ್: ಸರಿ, ಒಂದ್ಸಲ ಹೀಗೇ ಮಾಡಿ ನೋಡೋಣ. ನಮ್ಮನೇಲಿ ಪೇಂಟಿಂಗ್ ಏಣಿ ಇದೆ, ಯಾರಿಗೆ ಬೇಕಾದ್ರೂ ತಗೊಂಡೋಗಿ.

2ನೇ ಕ್ರಾಸ್ ಕಾರ್ನರ್ ಮನೆ: ಸಂಜೆ ಡಾಕ್ಟ್ರ ಹತ್ರ ಹೋಗ್ತಿದೀವಿ. ಬಾತ್‌ರೂಮಿಂದನ್ನ ಯಾರಾದ್ರೂ ಬಂದು ಆಚೆ ಬಿಡ್ತೀರಾ, ನನ್ನ ಕೈಲಂತೂ ಆಗಲ್ಲ.

ಪಾರ್ಕ್ ಎದುರು ಮನೆ: ಹತ್ತು ನಿಮಿಷದಲ್ಲಿ ಬರ್ತೀನಿ ಮೇಡಂ. ಅಗಲ ಬಾಯಿ ಡಬ್ಬ ಒಂದು ತೆಗೆದಿಡಿ, ಅದನ್ನ ಜೇಡದ ಮೇಲೆ ಮುಚ್ಚಿ, ಗೋಡೆಗೂ ಡಬ್ಬಕ್ಕೂ ಮಧ್ಯ ಹಳೇ ಲಗ್ನಪತ್ರಿಕೆ ತೂರಿಸಿದ್ರೆ ಆಯ್ತು.

ಕಮಿಟಿ (1ನೇ ಕ್ರಾಸ್): ಹಾಗಿದ್ರೆ ಸ್ಪ್ರೇ ಸದ್ಯಕ್ಕೆ ಬೇಡ. ಭಾನುವಾರ ಬೆಳಗ್ಗೆ 7ಕ್ಕೆ ಪಾರ್ಕ್ ಗೇಟ್ ಹತ್ರ ಸೇರೋಣ, ಮನೆಗೊಬ್ಬರು ಬನ್ನಿ, ಪೊರಕೆ ಕೋಲು ತನ್ನಿ. ಬೀದಿ ಕಡೆ ಗೇಟ್ ಲೈಟಿಗೆ ಹಳದಿ ಬಲ್ಬ್ ಬೇಕಾದೋರು ಮನೆ ನಂಬರ್ ಹಾಕಿ, ಒಟ್ಟಿಗೆ ತರಿಸ್ತೀವಿ.