ವೆಝೇರ್ ಕಣಿವೆಯಲ್ಲಿ ಮೂರು ದಿನ: ಆಯಿಗೆ ಮಂಡಿ ನೋವು, ಅಪ್ಪನಿಗೆ ಅಸಲಿ ಗುಹೆಯೇ ಬೇಕು

ಶಿರಸಿ_ತುಲೂಸ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಊರಿಂದ ಅಪ್ಪ, ಆಯಿ ಬಂದಿದ್ದಾರೆ. ಪ್ಯಾರಿಸ್ ಆಯಿತು, ಐಫೆಲ್ ಟವರ್ ಕೆಳಗೆ ಫೋಟೋನೂ ಆಯಿತು. ಇಬ್ಬರಿಗೂ ಅಷ್ಟಾಗಿ ಹಿಡಿಸಲಿಲ್ಲ. "ಈ ಗದ್ದಲ ನೋಡಲು ಇಷ್ಟು ದೂರ ಬರಬೇಕಿತ್ತಾ" ಅಂದರು ಅಪ್ಪ. ಹಾಗಾಗಿ ಸೆಪ್ಟೆಂಬರ್ ಕೊನೆಯ ವಾರ ಫ್ರಾನ್ಸಿನ ನೈಋತ್ಯದ ದೊರ್ದೋನ್ ಕಡೆ ಹೊರಟಿದ್ದೇವೆ. ವೆಝೇರ್ ನದಿ ದಂಡೆಯ ಸ್ಯಾಂ ಲೆಯೋಂ ಅನ್ನುವ ಹಳ್ಳಿಯಲ್ಲಿ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದೇನೆ. ಶನಿವಾರ ಹೋಗಿ ಮಂಗಳವಾರ ವಾಪಸ್.

ಅಪ್ಪನಿಗೆ ಎಪ್ಪತ್ತರ ಹತ್ತಿರ. ಅಡಿಕೆ ತೋಟದಲ್ಲಿ ಓಡಾಡಿದ ಕಾಲು, ನಡೆಯಲು ತೊಂದರೆಯಿಲ್ಲ. ಆದಿಮಾನವರು ಗೋಡೆ ಮೇಲೆ ಚಿತ್ರ ಬರೆದ ಲಾಸ್ಕೋ ಗುಹೆಯ ಬಗ್ಗೆ ಎಲ್ಲೋ ಓದಿದ್ದಾರೆ. "ನಕಲು ಬೇಡ, ಅಸಲಿ ತೋರಿಸು" ಅಂತ ಹಟ. ಆಯಿಗೆ ಎರಡೂ ಮಂಡಿ ನೋವು, ಮೇಲಾಗಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮಗಳಿಗೆ ಏಳು ವರ್ಷ, ಅವಳಿಗೆ ದೋಣಿ ಬೇಕು. ನೆಟ್‌ನಲ್ಲಿ ಹುಡುಕಿದರೆ "ನೋಡಲೇಬೇಕಾದ ಇಪ್ಪತ್ತು ಜಾಗ" ಅನ್ನುವ ಪಟ್ಟಿಗಳೇ ಸಿಗುತ್ತವೆ. ಹೋಗಿ ಬಂದವರು ಯಾರಾದರೂ ಇದ್ದರೆ ದಾರಿ ತೋರಿಸಿ.

ತಿಪಟೂರು_ಟು_ಬೋರ್ದೋ:

ಆ ಕಣಿವೆಗೆ ನಾನು ನಾಲ್ಕು ಸಲ ಹೋಗಿದ್ದೇನೆ. ಮೊದಲ ಸಲ ನಾನೂ ಇಪ್ಪತ್ತು ಜಾಗದ ಪಟ್ಟಿ ಹಿಡಿದೇ ಹೋಗಿದ್ದೆ. ಎರಡು ದಿನಕ್ಕೆ ಮೂರು ಕೋಟೆ, ಮೂರು ಗುಹೆ. ಈಗ ಫೋಟೋ ತೆಗೆದು ನೋಡಿದರೆ ಯಾವ ಬಾಗಿಲು ಯಾವ ಗುಹೆಯದು ಅಂತ ನನಗೇ ಗೊತ್ತಾಗುವುದಿಲ್ಲ. ದಿನಕ್ಕೆ ಒಂದೇ ಗುಹೆ, ಅದೂ ಬೆಳಿಗ್ಗೆ. ಉಳಿದ ಹೊತ್ತು ಹಳ್ಳಿಯಲ್ಲೇ ಇರಿ. ನೀವು ಮನೆ ಹಿಡಿದಿರುವುದು ಆ ಕಣಿವೆಯ ಚೆಂದದ ಹಳ್ಳಿಗಳಲ್ಲಿ ಒಂದು. ಅದನ್ನು ಬರೀ ಮಲಗುವ ಜಾಗ ಮಾಡಿಕೊಳ್ಳಬೇಡಿ.

ಮೊದಲು ಅಪ್ಪನ ಹಟದ ವಿಚಾರ. ಅಸಲಿ ಲಾಸ್ಕೋ ನೋಡುವ ಹಾಗೇ ಇಲ್ಲ. 1940ರ ಸೆಪ್ಟೆಂಬರಿನಲ್ಲಿ ಹುಡುಗರ ಕಣ್ಣಿಗೆ ಬಿದ್ದ ಗುಹೆ ಅದು. 1963ರಲ್ಲೇ ಜನರಿಗೆ ಮುಚ್ಚಿಬಿಟ್ಟರು. ಅಷ್ಟೊಂದು ಜನರ ಉಸಿರು, ಮೈಬಿಸಿ, ದೀಪದ ಬೆಳಕು ಎಲ್ಲ ಸೇರಿ ಗೋಡೆ ಮೇಲೆ ಪಾಚಿ ಬಂದಿತ್ತು. ಈಗ ಮೋಂತಿನ್ಯಾಕ್‌ನಲ್ಲಿ ತೋರಿಸುವುದು 2016ರಲ್ಲಿ ತೆರೆದ ಪ್ರತಿಕೃತಿ, ಲಾಸ್ಕೋ 4.

ಅಸಲಿಯೇ ಬೇಕೆಂದರೆ ಲೆಝ್ ಏಝಿ ಊರಿನ ಫೋಂ ದ ಗೋಮ್ ಗುಹೆಗೆ ಕರೆದುಕೊಂಡು ಹೋಗಿ. ಚಿತ್ರಗಳ ಬಣ್ಣ ಇನ್ನೂ ಉಳಿದಿದೆ, ಜನರನ್ನೂ ಒಳಗೆ ಬಿಡುತ್ತಾರೆ. ಆದರೆ ಚಿಕ್ಕ ಗುಂಪು, ಕಡಿಮೆ ಟಿಕೆಟ್. ಇದನ್ನು ಓದಿ ಮುಗಿಸುವ ಮೊದಲೇ ಆನ್‌ಲೈನಿನಲ್ಲಿ ನೋಡಿ! ಕೌಂಟರಿನಿಂದ ಗುಹೆಯ ಬಾಯಿಗೆ ಏರು ದಾರಿ ಇದೆ, ಒಳಗೆ ಇಕ್ಕಟ್ಟು, ಆಯಿಗೆ ಬೇಡ. ಒಳಗೆ ಹೋದಾಗ ನನಗೆ ಮೊದಲು ಏನೂ ಕಾಣಲಿಲ್ಲ. ಬರೀ ಗೋಡೆ. ದುಡ್ಡು ದಂಡ ಅಂದುಕೊಂಡೆ. ಆಮೇಲೆ ಗೈಡ್ ಟಾರ್ಚನ್ನು ಓರೆಯಾಗಿ ಹಿಡಿದರು ನೋಡಿ, ಬಂಡೆಯ ಉಬ್ಬೇ ಬೈಸನ್ನಿನ ಬೆನ್ನಾಯಿತು. ನಮ್ಮ ಕಾಟಿಗೆ ದೊಡ್ಡಪ್ಪನ ಮಗ ಅನ್ನುವ ಹಾಗೆ ಇದೆ. ಬರೆದವನು ಬಂಡೆಯ ಉಬ್ಬುತಗ್ಗು ನೋಡಿಕೊಂಡೇ ಗೆರೆ ಎಳೆದಿದ್ದಾನೆ. ಇನ್ನೊಂದು ಕಡೆ ಗಂಡು ಹಿಮಸಾರಂಗವೊಂದು ಬಗ್ಗಿ ಹೆಣ್ಣಿನ ಹಣೆ ನೆಕ್ಕುತ್ತಿದೆ. ನಮ್ಮ ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ. ಫೋಟೋ ತೆಗೆಯುವ ಹಾಗಿಲ್ಲ, ಅದೇ ಒಳ್ಳೆಯದಾಯಿತು.

ಆಯಿಗೆ ರುಫಿನ್ಯಾಕ್. ಅಲ್ಲಿ ಗುಹೆಯೊಳಗೇ ಪುಟ್ಟ ಎಲೆಕ್ಟ್ರಿಕ್ ರೈಲು ಓಡುತ್ತದೆ. ಹತ್ತಿರ ಒಂದು ಕಿಲೋಮೀಟರ್ ಒಳಗೆ ಕರೆದೊಯ್ಯುತ್ತಾರೆ, ದೊಡ್ಡ ಚಾವಣಿಯ ಹತ್ತಿರ ಮಾತ್ರ ಇಳಿಸುತ್ತಾರೆ. ಇಲ್ಲಿ ಬಣ್ಣ ಇಲ್ಲ, ಬರೀ ಕಪ್ಪು ಗೆರೆ ಮತ್ತು ಕೆತ್ತನೆ. ಆದರೆ 150ಕ್ಕೂ ಜಾಸ್ತಿ ಮ್ಯಾಮತ್‌ಗಳಿವೆ, ಅಂದರೆ ಈಗ ಅಳಿದುಹೋದ ರೋಮದ ಆನೆಗಳು. ಅದಕ್ಕೂ ಮೊದಲು ಅಲ್ಲಿದ್ದ ಕರಡಿಗಳು ಗೋಡೆ ಪರಚಿದ ಉಗುರಿನ ಗುರುತು ಹಾಗೇ ಇದೆ. ನಿಮ್ಮ ಮಗಳಿಗೆ ಮ್ಯಾಮತ್‌ಗಿಂತ ಅದೇ ಇಷ್ಟವಾಗಬಹುದು. ವಿವರಣೆ ಫ್ರೆಂಚಿನಲ್ಲಿ, ಪಿಸುಗುಟ್ಟಿ ಅನುವಾದ ಮಾಡುವ ಕೆಲಸ ನಿಮ್ಮದು. ಒಳಗೆ ಸುಮಾರು 13 ಡಿಗ್ರಿ, ಸ್ವೆಟರ್ ಮರೆಯಬೇಡಿ.

ನಿಮ್ಮ ಹಳ್ಳಿಯ ಹತ್ತಿರವೇ ಲಾ ರೋಕ್ ಸ್ಯಾಂ ಕ್ರಿಸ್ತೋಫ್ ಅಂತ ಒಂದು ಬಂಡೆಗೋಡೆ ಇದೆ. ಒಂದು ಕಿಲೋಮೀಟರ್ ಉದ್ದ, 80 ಮೀಟರ್ ಎತ್ತರ. ಹಿಂದೆ ಜನ ಅದರ ಪೊಟರೆಗಳಲ್ಲೇ ಊರು ಕಟ್ಟಿಕೊಂಡಿದ್ದರು. ಜಾಗ ಚೆನ್ನಾಗಿದೆ, ಆದರೆ ಬಂಡೆಯಲ್ಲೇ ಕಡಿದ ಕಡಿದಾದ ಮೆಟ್ಟಿಲು. ಬಾದಾಮಿ ಹತ್ತಲು ಆಗದವರಿಗೆ ಇದೂ ಆಗುವುದಿಲ್ಲ. ದೋಣಿಯಿಂದ ನೋಡಿ, ಅದೇ ಮಜಾ.

ದೋಣಿ ಅಂದರೆ ಕಯಾಕ್. ಸ್ಯಾಂ ಲೆಯೋಂನಿಂದ ಲೆಝ್ ಏಝಿ ಕಡೆ ಹೊರಟರೆ ಆ ಬಂಡೆಯ ಬುಡದಲ್ಲೇ ನದಿ ತಿರುಗುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ ನೀರು ಮೆಲ್ಲಗೆ ಹರಿಯುತ್ತಿರುತ್ತದೆ, ಹುಟ್ಟು ಹಾಕುವ ಕೆಲಸವೇ ಜಾಸ್ತಿ. ಮಗಳಿಗೆ 25 ಮೀಟರ್ ಈಜಲು ಬರಬೇಕು, ಅದು ಇಲ್ಲಿನ ನಿಯಮ. ಚಪ್ಪಲಿ ನಡೆಯುವುದಿಲ್ಲ, ಮುಚ್ಚಿದ ಶೂ ಬೇಕು. ಸೆಪ್ಟೆಂಬರ್ ಕೊನೆಗೆ ಕೆಲವು ಬಾಡಿಗೆಯವರು ಅಂಗಡಿ ಎತ್ತಿರುತ್ತಾರೆ, ಮೊದಲೇ ಫೋನ್ ಮಾಡಿ. ಆ ಹೊತ್ತಿನಲ್ಲಿ ಆಯಿ, ಅಪ್ಪ ಚರ್ಚಿನ ಹಿಂದಿನ ಹುಲ್ಲಿನ ಮೇಲೆ ಕೂರಲಿ. 12ನೇ ಶತಮಾನದ ಚರ್ಚು, ಮಾಡಿಗೆ ಹಂಚಿನ ಬದಲು ಕಲ್ಲಿನ ಚಪ್ಪಡಿ. ಪಕ್ಕದಲ್ಲೇ ನದಿ. ನಾನು ಅಲ್ಲಿ ಒಂದು ಸಂಜೆಯಿಡೀ ಏನೂ ಮಾಡದೆ ಕೂತಿದ್ದೆ. ನಾಲ್ಕು ಪ್ರವಾಸದಲ್ಲಿ ಪೂರ್ತಿ ನೆನಪಿರುವುದು ಅದೊಂದೇ ಸಂಜೆ.

ಇನ್ನು ಊಟ. ಇಲ್ಲಿ ಜೋಪಾನ! ಆ ಸೀಮೆ ಪೂರ್ತಿ ಬಾತುಕೋಳಿಯ ಸೀಮೆ. ಅತ್ತೆಯನ್ನು ಕರೆದುಕೊಂಡು ಹೋದಾಗ "ನಮಗೆ ಮಾಂಸ ಬೇಡ" ಅಂತ ಸ್ಪಷ್ಟವಾಗಿಯೇ ಹೇಳಿದ್ದೆ. ಸಲಾಡ್, ಜೊತೆಗೆ ಹುರಿದ ಆಲೂಗಡ್ಡೆ ಬಂತು. ಬೆಳ್ಳುಳ್ಳಿ ಘಮ, ಗರಿಗರಿ. ಅತ್ತೆ ಎರಡು ಸಲ ಹಾಕಿಸಿಕೊಂಡರು, "ಎಷ್ಟು ರುಚಿಯಾಗಿದೆಯಲ್ಲೇ" ಅಂತ ಹೊಗಳಿದರು. ಬಿಲ್ ಕೊಡುವಾಗ ನನಗೆ ಗೊತ್ತಾಯಿತು, ಸಾರ್ಲಾ ಆಲೂಗಡ್ಡೆ ಅಂದರೆ ಬಾತುಕೋಳಿ ಕೊಬ್ಬಿನಲ್ಲಿ ಹುರಿದದ್ದು. ಇವತ್ತಿಗೂ ಅತ್ತೆಗೆ ಹೇಳಿಲ್ಲ. ಅವರು ಇದನ್ನೆಲ್ಲ ಓದುವುದಿಲ್ಲ ಅನ್ನುವ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ಹಾಗಾಗಿ "ವೆಜಿಟೇರಿಯನ್" ಅಂದರೆ ಸಾಲದು, "ಸಾಂ ಗ್ರೆಸ್ ದ ಕನಾರ್" (ಬಾತುಕೋಳಿ ಕೊಬ್ಬು ಬೇಡ) ಅಂತ ಬಿಡಿಸಿ ಹೇಳಿ.

ಇನ್ನೂ ಒಂದು. ನಿಮಗೆ ಸಿಗುವುದು ಭಾನುವಾರ, ಸೋಮವಾರ. ಭಾನುವಾರ ಮಧ್ಯಾಹ್ನದ ಮೇಲೆ ಅಲ್ಲಿ ಬ್ರೆಡ್ಡೂ ಸಿಗದೆ ಒದ್ದಾಡಿದ್ದೇನೆ. ಸೋಮವಾರವೂ ಎಷ್ಟೋ ಅಂಗಡಿ ಮುಚ್ಚಿರುತ್ತವೆ. ಶನಿವಾರ ಬೆಳಿಗ್ಗೆ ಬೇಗ ಹೊರಟು ಸಾರ್ಲಾ ಪಟ್ಟಣದ ಸಂತೆಯಲ್ಲಿ ತರಕಾರಿ, ಹಣ್ಣು, ಆಡಿನ ಹಾಲಿನ ಚೀಸ್ ತುಂಬಿಕೊಳ್ಳಿ. ಅಕ್ಕಿ, ಬೇಳೆ, ಸಾರಿನ ಪುಡಿ, ಕುಕ್ಕರ್ ಮನೆಯಿಂದಲೇ ಬರಲಿ.

ನಡಿಗೆ_ನಾಗರಾಜ:

ಮೇಲಿನವರು ಹೇಳಿದ್ದಕ್ಕೆಲ್ಲ ಸೈ. ಲಾಸ್ಕೋ 4 ವಿಚಾರದಲ್ಲಿ ಮಾತ್ರ ನನ್ನದು ಬೇರೆ ಮಾತು, ಅದನ್ನು ಸುಮ್ನೆ ನಕಲು ಅಂತ ಬಿಡಬೇಡಿ. ಅಲ್ಲಿ ಗೋಡೆ ಮೇಲೆ ಬರೆದ ಗೂಳಿಗಳು ಎಷ್ಟು ದೊಡ್ಡವು ಅಂತ ಗೊತ್ತಾಗುತ್ತದೆ. ಫೋಂ ದ ಗೋಮ್‌ನಲ್ಲಿ ಏಳು ವರ್ಷದ ಮಗುವಿಗೆ ಏನೂ ಕಾಣದೆ ಬೇಜಾರಾಗಬಹುದು.

ಅಪ್ಪನನ್ನು ನಡೆಸುವುದಾದರೆ ಹಳ್ಳಿಯ ಮೇಲಿನ ಕೋತ್ ದ ಜೋರ್ ಗುಡ್ಡ ಹತ್ತಿಸಿ. ಕಣಿವೆ ಪೂರ್ತಿ ಕಾಣುತ್ತದೆ. ಮೇಲೆ ಟಿಬೆಟನ್ ಬೌದ್ಧರ ಕೇಂದ್ರವಿದೆ. ಫ್ರಾನ್ಸಿನ ಹಳ್ಳಿಗುಡ್ಡದಲ್ಲಿ ಬೈಲಕುಪ್ಪೆ ನೆನಪಾಗುತ್ತದೆ ಅಂದುಕೊಂಡಿರಲಿಲ್ಲ. ದಾರಿಗುರುತು ಹಳದಿ ಗೆರೆ ಇದ್ದರೆ ಸುತ್ತಮುತ್ತಲ ಚಿಕ್ಕ ದಾರಿ, ಬಿಳಿ-ಕೆಂಪು ಇದ್ದರೆ ದೂರದ ದಾರಿ. ಅಡ್ಡ ಎರಡು ಗೆರೆ ಕತ್ತರಿ ಹಾಕಿದ್ದರೆ ದಾರಿ ತಪ್ಪಿದ್ದೀರಿ ಅಂತ, ತಿರುಗಿ ಬನ್ನಿ. ಸೆಪ್ಟೆಂಬರಿನಲ್ಲಿ ಬೇಟೆಯೂ ಶುರುವಾಗಿರುತ್ತದೆ, ಭಾನುವಾರವಂತೂ ಜಾಸ್ತಿ. ಕಣ್ಣಿಗೆ ಹೊಡೆಯುವ ಬಣ್ಣದ ಅಂಗಿ ಹಾಕಿಕೊಳ್ಳಿ. "ಶಾಸ್ ಆಂ ಕೂರ್" (ಬೇಟೆ ನಡೆಯುತ್ತಿದೆ) ಅನ್ನುವ ಬೋರ್ಡ್ ಕಂಡರೆ ಆ ದಾರಿಗೆ ಹೋಗಲೇಬೇಡಿ.

ಶಿರಸಿ_ತುಲೂಸ್:

ಅಕ್ಕಾ, ನಾಗರಾಜ್ ಅವರೇ, ತುಂಬಾ ಥ್ಯಾಂಕ್ಸ್. ಫೋಂ ದ ಗೋಮ್‌ಗೆ ಭಾನುವಾರದ ಎರಡು ಟಿಕೆಟ್ ಸಿಕ್ಕಿತು, ನನಗೂ ಅಪ್ಪನಿಗೂ. ಸೋಮವಾರ ಎಲ್ಲರೂ ರುಫಿನ್ಯಾಕ್. ಲಾಸ್ಕೋ 4 ಮಳೆ ಬಂದರೆ ಮಾತ್ರ. ಮಗಳಿಗೆ ಈಜು ಬರುತ್ತದೆ, ಶೂ ಈಗಲೇ ತೆಗೆದಿಟ್ಟಿದ್ದಾಳೆ. ಆಲೂಗಡ್ಡೆ ಕಥೆ ಆಯಿಗೆ ಓದಿ ಹೇಳಿದೆ. "ನಾನು ಮೊಸರನ್ನವೇ ತಿನ್ನುತ್ತೇನೆ" ಅಂದುಬಿಟ್ಟರು.

ಅಪ್ಪನದು ಇನ್ನೊಂದು ಪ್ರಶ್ನೆ. ಅಲ್ಲಿನ ರೈತರು ಏನು ಬೆಳೆಯುತ್ತಾರೆ, ತೋಟ ನೋಡಬಹುದಾ ಅಂತ.

ತಿಪಟೂರು_ಟು_ಬೋರ್ದೋ:

ಅಪ್ಪನಿಗೆ ನೀವು ಹೋಗುವ ಹೊತ್ತೇ ಸರಿಯಾದ ಹೊತ್ತು. ಅದು ಅಕ್ರೋಟಿನ ಸೀಮೆ, ಸೆಪ್ಟೆಂಬರ್ ಕೊನೆಗೆ ಕೊಯ್ಲು ಶುರು. ಟ್ರ್ಯಾಕ್ಟರಿಗೆ ಕಟ್ಟಿದ ಯಂತ್ರ ಮರದ ಬೊಡ್ಡೆ ಹಿಡಿದು ಗಡಗಡ ಅಲ್ಲಾಡಿಸುತ್ತದೆ, ಕಾಯಿ ಉದುರುತ್ತದೆ. ಆಮೇಲೆ ಹೆಕ್ಕಿ, ತೊಳೆದು, ಒಣಗಿಸುವುದು. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರೇ ಇಲ್ಲದ ಕೊಯ್ಲು ನೋಡಿ ಅಪ್ಪ ಏನನ್ನುತ್ತಾರೋ! ಮಂಗಳವಾರ ವಾಪಸ್ ಬರುವಾಗ ಲ ಬ್ಯೂಗ್ ಸಂತೆ ಇರುತ್ತದೆ, ಸ್ವಲ್ಪ ಸುತ್ತು ಅಷ್ಟೆ. ಬೆಳೆದವರೇ ಕಾಯಿ, ಎಣ್ಣೆ ಮಾರುತ್ತಾರೆ, ಅಪ್ಪ ಅವರನ್ನೇ ವಿಚಾರಿಸಬಹುದು.

ರಸ್ತೆ ಪಕ್ಕದ ಮರದಡಿ ಬಿದ್ದಿದೆ ಅಂತ ಆರಿಸಿಕೊಳ್ಳಬೇಡಿ, ಅದೂ ಯಾರದೋ ತೋಟ. ಹಸಿ ಸಿಪ್ಪೆ ಮುಟ್ಟಿದರೆ ಕೈ ಕಪ್ಪಾಗುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಅಡಿಕೆ ಚೊಗರು ನೋಡಿದವರಿಗೆ ನಾನೇನು ಹೇಳುವುದು. ಮಗಳಿಗೆ ಅವತ್ತು ಬಿಳಿ ಅಂಗಿ ಮಾತ್ರ ಹಾಕಬೇಡಿ.