ಸಸಿಗೆ ಕಾವು ಕೊಟ್ಟವರು

ಊರಿನ ಹೆಸರೇ ಗಾಳಿಬೀಡು. ಮನೆ ಗಾಳಿಯದು, ನಾವು ಅದರಲ್ಲಿ ಬಾಡಿಗೆಗೆ ಇರುವವರು. ಮಡಿಕೇರಿಯಿಂದ ಬರುವ ನೆಂಟರು ಅಂಗಳದಲ್ಲಿ ಕಾರಿನಿಂದ ಇಳಿದ ಕೂಡಲೇ ಬಾಗಿಲು ಹಿಡಿದುಕೊಳ್ಳಬೇಕೋ ತಲೆಯ ಟೋಪಿ ಹಿಡಿದುಕೊಳ್ಳಬೇಕೋ ತಿಳಿಯದೆ ಒದ್ದಾಡುತ್ತಾರೆ. ಇಂತಹ ಊರಿನಲ್ಲಿ ಹುತ್ತರಿಯ ಚಳಿಯಲ್ಲಿ ಟೊಮೆಟೊ ಸಸಿ ಎಬ್ಬಿಸುತ್ತೇನೆಂದು ಹೊರಟವನು ನಾನು. ಕಾಫಿ ಸಸಿ ಮಾಡಿ ಗೊತ್ತಿತ್ತು, ಅದೇ ಧೈರ್ಯ. ಕಾಫಿ ಎಷ್ಟು ಸಂಭಾವಿತ ಬೆಳೆ ನೋಡಿ: ಬೀಜ ಹಾಕಿ ಒಂದೂವರೆ ತಿಂಗಳಿಗೆ ಆ ಬೀಜವನ್ನೇ ಟೋಪಿಯ ಹಾಗೆ ತಲೆಯ ಮೇಲೆ ಹೊತ್ತುಕೊಂಡು ಎದ್ದು ನಿಲ್ಲುತ್ತದೆ, ಆಮೇಲೆ ಟೋಪಿ ಕಳಚಿ ಚಿಟ್ಟೆಯಂತೆ ಎರಡು ಎಲೆ ಬಿಚ್ಚುತ್ತದೆ, ಬುಟ್ಟಿಗೆ ಹಾಕಿದರೆ ಮುಗಿಯಿತು. (ಬುಟ್ಟಿ ಎಂದರೆ ನಮ್ಮಲ್ಲಿ ಕಪ್ಪು ಪ್ಲಾಸ್ಟಿಕ್ ಚೀಲ. ಬಿದಿರಿನ ಬುಟ್ಟಿ ಹೋಗಿ ಎಷ್ಟೋ ವರ್ಷವಾಯಿತು, ಹೆಸರು ಮಾತ್ರ ಉಳಿದಿದೆ.) ಟೊಮೆಟೊಗೆ ಈ ಸಭ್ಯತೆ ಇಲ್ಲ. ಬೆಳಿಗ್ಗೆ ನೋಡಿದರೆ ನಿಂತಿರುತ್ತದೆ, ಕಾಫಿ ಕುಡಿದು ಬರುವಷ್ಟರಲ್ಲಿ ಮಲಗಿರುತ್ತದೆ.

ಮೂರನೆಯ ಸಲವೂ ಮಲಗಿದ ಮೇಲೆ ತಟ್ಟೆಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು, ಗುರುವಾರ ಬೆಳಿಗ್ಗೆ ಕಾಕಾನ ಚಹಾದ ಅಂಗಡಿಗೆ ಹೋದೆ. ಮಡಿಕೇರಿ ಬಸ್ಸು ಬರಲು ಇನ್ನೂ ಮುಕ್ಕಾಲು ಗಂಟೆ ಇತ್ತು. ನಮ್ಮ ಊರಿನ ಎಲ್ಲ ತಜ್ಞರೂ ಆ ಮುಕ್ಕಾಲು ಗಂಟೆಯಲ್ಲಿ ಅಲ್ಲಿ ಸಿಗುತ್ತಾರೆ.

ಪತ್ರಿಕೆ ಬಿಚ್ಚಿದೆ. ಕಾಕಾ ಬಗ್ಗಿ ನೋಡಿ, ಬಹಳ ಮೆಲ್ಲಗೆ, "ತೀರಿಕೊಂಡವರು ಯಾರು?" ಎಂದು ಕೇಳಿದರು.

"ಟೊಮೆಟೊ. ಮೂರನೆಯ ತಂಡ."

"ಚಹಾ ಕುಡಿಯಿರಿ. ಇಂತಹ ಸಮಯದಲ್ಲಿ ಹಣ ಕೇಳುವುದಿಲ್ಲ, ಬರೆದುಕೊಳ್ಳುತ್ತೇನೆ."

ನಿವೃತ್ತ ವಿಜ್ಞಾನದ ಮೇಷ್ಟರು ಕನ್ನಡಕವನ್ನು ಹಣೆಗೆ ಏರಿಸಿ ಒಂದು ಸಸಿಯನ್ನು ಎರಡು ಬೆರಳಲ್ಲಿ ಎತ್ತಿದರು. ಮೇಲಿನ ಎಲೆಗಳೆರಡೂ ಹಸಿರಾಗಿಯೇ ಇದ್ದವು. ಕಾಂಡ ಮಣ್ಣಿನಿಂದ ಏಳುವ ಜಾಗದಲ್ಲಿ ಮಾತ್ರ ಯಾರೋ ಉಗುರಿನಲ್ಲಿ ಚಿವುಟಿದಂತೆ ಕಂದಾಗಿ, ಹೊಲಿಗೆಯ ದಾರದಷ್ಟು ಸಪೂರವಾಗಿತ್ತು.

"ಸಸಿ ಕೊಳೆ" ಎಂದರು ಮೇಷ್ಟರು. "ಎಷ್ಟು ನೀರು ಹಾಕುತ್ತೀರಿ?"

"ಬಾಡಿದಾಗಲೆಲ್ಲ ಹಾಕುತ್ತೇನೆ."

"ಬಾಡುವುದು ಯಾವಾಗ?"

"ಬೆಳಿಗ್ಗೆ ಗಾಳಿ ಎದ್ದಾಗ."

"ಆಗ ಮಣ್ಣು ಒಣಗಿರುತ್ತದೆಯೇ?"

ನಾನು ಚಹಾದ ಲೋಟದೊಳಗೆ ನೋಡಿದೆ. ನಲವತ್ತು ವರ್ಷದ ಹಿಂದೆ ಇದೇ ಮೇಷ್ಟರು ಬೆಂಚಿನ ಮೇಲೆ ನಿಲ್ಲಿಸಿ ಪ್ರಶ್ನೆ ಕೇಳಿದಾಗಲೂ ಹೀಗೇ ನೆಲ ನೋಡಿದ್ದೆ.

ಅವರು ಹೇಳಿದ್ದು ಇಷ್ಟು. ಗಾಳಿ ಎಲೆಯಿಂದ ನೀರನ್ನು ಸೆಳೆಯುತ್ತಲೇ ಇರುತ್ತದೆ. ಕೆಳಗಿನ ಬೇರಿಗಾದರೋ ಚಳಿ, ತಣ್ಣಗಿನ ಮಣ್ಣಿನಿಂದ ಅದು ನೀರು ಎತ್ತುವುದು ಬಹಳ ನಿಧಾನ. ಮೇಲೆ ಖರ್ಚು, ಕೆಳಗೆ ಸಂಬಳವಿಲ್ಲ. ಮಣ್ಣು ಒದ್ದೆ ಇದ್ದರೂ ಸಸಿ ಬಾಡುವುದು ಅದಕ್ಕೇ. ಬಾಡಿತಲ್ಲ ಎಂದು ಇನ್ನಷ್ಟು ನೀರು ಸುರಿದರೆ ಮಣ್ಣು ಇನ್ನಷ್ಟು ತಣ್ಣಗಾಗುತ್ತದೆ, ಪಿಥಿಯಮ್ ಎಂಬ ಬೂಸಿನಂತಹ ಜೀವಿಗೆ ಹಬ್ಬವಾಗುತ್ತದೆ. "ನಿಮ್ಮ ಸಸಿ ಸತ್ತದ್ದು ಚಳಿಯಿಂದ ಅಲ್ಲ, ಗಾಳಿಯಿಂದಲೂ ಅಲ್ಲ. ಅಕ್ಕರೆಯಿಂದ."

ನಿಜ ಹೇಳುತ್ತೇನೆ, ಈ ಮಾತು ನನಗೆ ಸ್ವಲ್ಪ ಹಿತವಾಗಿಯೇ ಕೇಳಿಸಿತು. ಮನೆಗೆ ಹೋಗಿ ಹೆಂಡತಿಗೆ ಹೇಳಲು ಯೋಗ್ಯವಾದ ಕಾರಣ.

ಅಷ್ಟರಲ್ಲಿ ಸುಬೇದಾರರು ಗಂಟಲು ಸರಿಮಾಡಿಕೊಂಡರು. ಅವರು ಇಪ್ಪತ್ತೆಂಟು ವರ್ಷ ಸೇನೆಯಲ್ಲಿದ್ದು ಬಂದವರು. ಎಂದಿನಂತೆ ಕೆಂಪು ಮಂಕಿ ಟೋಪಿ, ಕುತ್ತಿಗೆವರೆಗೆ ಗುಂಡಿ ಹಾಕಿದ ದಪ್ಪ ಕೋಟು. ಆದರೆ ಎಂದಿನಂತೆ ಗೋಡೆಗೆ ಒರಗಿರಲಿಲ್ಲ, ಬೆಂಚಿನ ತುದಿಯಲ್ಲಿ ನೆಟ್ಟಗೆ ಕುಳಿತಿದ್ದರು. ಬೆನ್ನುನೋವು ಇರಬೇಕೆಂದುಕೊಂಡೆ.

"ಇದನ್ನೆಲ್ಲ ಚಳಿ ಎನ್ನುತ್ತೀರಾ?" ಎಂದರು. "ಲೇಹ್‌ನಲ್ಲಿ ನೋಡಬೇಕು. ಮೂರೂವರೆ ಸಾವಿರ ಮೀಟರ್ ಎತ್ತರ. ಚಳಿಗಾಲದ ರಾತ್ರಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಅಲ್ಲಿ ಪಾಲಕ್ ಬೆಳೆಯುತ್ತಾರೆ!"

"ಬಂತು ಲೇಹ್" ಎಂದರು ಕಾಕಾ, ಪಾತ್ರೆ ತೊಳೆಯುತ್ತಾ.

ಆದರೆ ಲೇಹ್‌ನ ವಿಷಯ ಸುಳ್ಳಲ್ಲ. ಅಲ್ಲಿ ನೆಲದಲ್ಲಿ ಆಳುದ್ದದ ಗುಂಡಿ ತೋಡಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುತ್ತಾರೆ. ಹಗಲಿನ ಬಿಸಿಲು ಒಳಗೆ ಬರುತ್ತದೆ, ಸುತ್ತಲಿನ ಮಣ್ಣು ಆ ಕಾವನ್ನು ರಾತ್ರಿಗೆ ಹಿಡಿದಿಡುತ್ತದೆ, ಗಾಳಿ ಮೇಲಿಂದ ಹಾದುಹೋಗುತ್ತದೆ. ಸೇನೆಗೆ ತಾಜಾ ಸೊಪ್ಪು ಸಿಗಲಿ ಎಂದು ರಕ್ಷಣಾ ಸಂಶೋಧನೆಯವರ ಒಂದು ಸಂಸ್ಥೆ ಅಲ್ಲಿ ಇಂತಹ ಕೆಲಸವನ್ನೇ ಮಾಡುತ್ತದೆ. ಸುಬೇದಾರರು ಅದನ್ನು ಕಣ್ಣಾರೆ ಕಂಡವರು, ಆ ಪಾಲಕ್ ತಿಂದವರು.

ಅವರು ಮರೆತದ್ದು ಒಂದನ್ನೇ. ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ನಮ್ಮಲ್ಲಿ ಜುಲೈಯಲ್ಲಿ ಅಷ್ಟು ಮಳೆ ಒಂದೇ ದಿನ ಬಿದ್ದರೆ, "ಇವತ್ತು ಪರವಾಗಿಲ್ಲ" ಎಂದು ಕೊಡೆ ಹಿಡಿದು ಗದ್ದೆಗೆ ಹೋಗುತ್ತೇವೆ.

ಕಾವೇರಿ ಸಂಕ್ರಮಣ ಮುಗಿದ ಮರುದಿನವೇ ಸುಬೇದಾರರು ಮನೆಯ ಹಿಂದೆ ಗುಂಡಿ ತೋಡಿಸಿದ್ದರು. ಹಗ್ಗ ಹಿಡಿದು ಅಳತೆ, ಮೂಲೆ ಮೂಲೆಗೂ ಗೂಟ, ಇಳಿಯಲು ಮೂರು ಮೆಟ್ಟಿಲು. ಬೀಜ ಹಾಕಿ, ಹಾಳೆ ಮುಚ್ಚಿ, ಅದಕ್ಕೊಂದು ನಂಬರ್ ಕೂಡ ಬರೆದಿದ್ದರು. ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತು, ನಮ್ಮಲ್ಲಿ ಮೂರು ದಿನ ಮಳೆ ಹಿಡಿಯಿತು. ನಾಲ್ಕನೆಯ ದಿನ ಆ ಗುಂಡಿಯಲ್ಲಿ ಸೊಂಟದುದ್ದ ನೀರು, ನೀರಿನ ಮೇಲೆ ತೇಲುವ ಟ್ರೇ, ಟ್ರೇಯ ಮೇಲೆ ಕಪ್ಪೆ. ಅವರ ಮೊಮ್ಮಗ ಈಜುಕೊಳ ಎಂದು ತಿಳಿದು ಶಾಲೆಯಿಂದ ನಾಲ್ಕು ಹುಡುಗರನ್ನು ಕರೆದುಕೊಂಡು ಬಂದಿದ್ದ.

"ಅದು ಬಸಿಗಾಲುವೆಯ ತೊಂದರೆ" ಎಂದರು ಸುಬೇದಾರರು ಈಗಲೂ. "ಯೋಜನೆಯಲ್ಲಿ ತಪ್ಪಿರಲಿಲ್ಲ."

"ಕಪ್ಪೆಗೆ ಬಹಳ ಅನುಕೂಲವಾಯಿತು" ಎಂದರು ಕಾಕಾ.

ನಗಬೇಕಾದ ಮೇಷ್ಟರು ನಗಲಿಲ್ಲ. ಕಾರಣವಿತ್ತು. ಕಳೆದ ವರ್ಷ ಅವರು ಗಾಳಿಗೆ ಅಡ್ಡವಾಗಿ ಪಾತಿಯ ಪಕ್ಕ ತಗಡಿನ ಹಾಳೆ ನಿಲ್ಲಿಸಿದ್ದರು. ವಿಜ್ಞಾನದ ಮೇಷ್ಟರು ಮಾಡಿದ್ದಲ್ಲವೇ, ನಾವೂ ಒಪ್ಪಿದ್ದೆವು. ಮೊದಲ ವಾರ ತಗಡಿನ ಮರೆಯ ಸಸಿಗಳೇ ಬುಡಮೇಲಾದವು, ತೆರೆದ ಜಾಗದವು ನಿಂತಿದ್ದವು. ಎರಡನೆಯ ವಾರ ತಗಡೇ ಹಾರಿ ಪಕ್ಕದ ತೋಟದ ಸಿಲ್ವರ್ ಓಕ್ ಮರಕ್ಕೆ ಸಿಕ್ಕಿಹಾಕಿಕೊಂಡಿತು. ಅದನ್ನು ಇಳಿಸಲು ಕಾಳುಮೆಣಸು ಕೊಯ್ಯುವ ಏಣಿ ತರಿಸಬೇಕಾಯಿತು.

ಇದನ್ನು ಯಾರಾದರೂ ಎತ್ತುವ ಮೊದಲೇ ಅಕ್ಕ ಬಂದರು. ಅಕ್ಕ ಎಂದರೆ ಊರಿಗೆಲ್ಲ ಅಕ್ಕ. ಶುಕ್ರವಾರದ ಮಡಿಕೇರಿ ಸಂತೆಯಲ್ಲಿ ಹೂವಿನ ಗಿಡವನ್ನೂ ತರಕಾರಿ ಸಸಿಯನ್ನೂ ಮಾರುವವರು. ನಾವೆಲ್ಲ ಮಾತಿನಲ್ಲಿ ಬೆಳೆಯುವುದನ್ನು ಅವರು ಮಣ್ಣಿನಲ್ಲಿ ಬೆಳೆಯುತ್ತಾರೆ. ಅದಕ್ಕೇ ಅವರು ಬಂದರೆ ಸಭೆಗೆ ಸ್ವಲ್ಪ ಇರಿಸುಮುರಿಸು.

ನನ್ನ ತಟ್ಟೆಯನ್ನು ಒಮ್ಮೆ ನೋಡಿದರು. "ಅಣ್ಣ, ಇದನ್ನು ಇಟ್ಟದ್ದು ಎಲ್ಲಿ?"

"ಅಂಗಳದಲ್ಲಿ. ಬಿಸಿಲು ಬೀಳಲಿ ಎಂದು."

"ಮೊಳಕೆ ಬರುವವರೆಗೆ ಬಿಸಿಲು ಯಾರಿಗೆ ಬೇಕು? ಕಾವು ಬೇಕು. ನಾನು ಬಚ್ಚಲು ಮನೆಯಲ್ಲಿ ಹಂಡೆ ಒಲೆಯ ಪಕ್ಕದ ಕಟ್ಟೆಯ ಮೇಲೆ ಇಡುತ್ತೇನೆ."

ಮೇಷ್ಟರು ಇಲ್ಲಿ ಚುರುಕಾದರು. ಅವರ ಹತ್ತಿರ ಶಾಲೆಯ ಕಾಲದ ಒಂದು ಉಷ್ಣಮಾಪಕ ಇದೆ, ಅದನ್ನು ಅಂಗಳದ ಮಣ್ಣಿಗೂ ಬಚ್ಚಲಿನ ಕಟ್ಟೆಗೂ ಇಟ್ಟು ನೋಡಿದ್ದಾರೆ. ಬೆಳಿಗ್ಗೆ ಅಂಗಳದಲ್ಲಿ 14 ಡಿಗ್ರಿ, ಕಟ್ಟೆಯ ಮೇಲೆ 26. ಟೊಮೆಟೊಗೆ 20ರಿಂದ 27ರವರೆಗೆ ಹಿತ, ಮೆಣಸಿನಕಾಯಿಗೆ ಇನ್ನೂ ಸ್ವಲ್ಪ ಹೆಚ್ಚೇ ಬೇಕು. ಎಲೆಕೋಸು, ನವಿಲುಕೋಸು, ಮೂಲಂಗಿಗಳಿಗೆ ಈ ಶ್ರೀಮಂತಿಕೆ ಇಲ್ಲ, ಚಳಿಯಲ್ಲೂ ಬರುತ್ತವೆ. "ಮೊದಲು ಕೋಸು ಹಾಕಿ ಕಲಿಯಬೇಕಿತ್ತು" ಎಂದರು ನನ್ನನ್ನು ನೋಡಿ. ಕೋಸು ಯಾರು ತಿನ್ನುತ್ತಾರೆ? ಮನೆಯಲ್ಲಿ ಕೇಳಿದ್ದು ಟೊಮೆಟೊ ಸಾರು.

"ಮೊಳಕೆ ಕಂಡ ದಿನವೇ ಹೊರಗೆ ತರಬೇಕು" ಎಂದರು ಅಕ್ಕ. "ಒಂದು ದಿನ ತಡವಾದರೂ ಬೆಳಕು ಹುಡುಕಿಕೊಂಡು ಕತ್ತು ಉದ್ದ ಮಾಡುತ್ತವೆ. ಆಮೇಲೆ ದಿನವೂ ಬೆಳಿಗ್ಗೆ ಕೈಯಿಂದ ಹತ್ತು ಸಲ ಸವರುತ್ತೇನೆ, ಹೀಗೆ." ಅಂಗೈಯನ್ನು ಮೇಜಿನ ಮೇಲೆ ಮಗುವಿನ ತಲೆ ಸವರಿದಂತೆ ಆಡಿಸಿ ತೋರಿಸಿದರು.

"ಸಸಿಗೆ ತಲೆ ಬಾಚುತ್ತೀರಾ?" ಎಂದರು ಕಾಕಾ.

"ಬಾಚುತ್ತೇನೆ. ಬಾಚಿದ್ದು ಗಿಡ್ಡವಾಗಿ ಗಟ್ಟಿಯಾಗುತ್ತದೆ, ಬಾಚದ್ದು ಸೊಣಕಲು."

ಮೇಷ್ಟರು ತಲೆಯಾಡಿಸಿದರು. ಅಲುಗಾಡಿದ ಕಾಂಡ ಉದ್ದ ಬೆಳೆಯುವುದನ್ನು ಕಡಿಮೆ ಮಾಡಿ ದಪ್ಪವಾಗುತ್ತದೆ ಎಂಬುದು ಪ್ರಯೋಗದಲ್ಲೂ ಸಾಬೀತಾಗಿದೆಯಂತೆ. ಅಂದರೆ ಗಾಳಿ ಶತ್ರುವಲ್ಲ, ಅತಿಯಾದ ಗಾಳಿ ಶತ್ರು. ಬೇಲಿಯ ವಿಷಯದಲ್ಲೂ ಅಕ್ಕನದು ಇದೇ ನ್ಯಾಯ. ಅವರು ಗಾಳಿಯನ್ನು ತಡೆಯುವುದಿಲ್ಲ, ಸೋಸುತ್ತಾರೆ. ಅರ್ಧ ಕಡ್ಡಿ, ಅರ್ಧ ಸಂದು ಇರುವ ಬೇಲಿ, ಅದಕ್ಕೆ ಹಸಿರು ನೆರಳು ಬಲೆ. ಪೂರ್ತಿ ಮುಚ್ಚಿದ ತಗಡಿಗೆ ಬಡಿದ ಗಾಳಿ ಮೇಲೆ ಹಾರಿ, ಆಚೆ ಸುಳಿಯಾಗಿ ಕೆಳಗೆ ಬೀಳುತ್ತದೆ. ಸಂದು ಇದ್ದರೆ ಸುಸ್ತಾಗಿ ನುಸುಳುತ್ತದೆ. ಬೇಲಿಯ ಎತ್ತರದ ಹತ್ತು ಪಟ್ಟು ದೂರದವರೆಗೆ ಅದರ ಉಪಕಾರ ಸಿಗುತ್ತದೆ.

"ತಗಡಿನ ವಿಷಯ ಇಲ್ಲಿ ಅನಗತ್ಯ" ಎಂದರು ಮೇಷ್ಟರು.

ನಾನು ಹಿಂದಿನ ವಾರದ ಇನ್ನೊಂದು ನೋವು ಹೇಳಿಕೊಂಡೆ. ಬಯಲುಸೀಮೆಯಿಂದ ಸಂತೆಗೆ ಬಂದಿದ್ದ ಸಸಿಯ ಕಟ್ಟು ಕೊಂಡು ತಂದು ಅದೇ ಸಂಜೆ ನೆಟ್ಟೆ. ಪುಷ್ಟಿಯಾದ ಸಸಿಗಳು. ಎರಡೇ ದಿನಕ್ಕೆ ಎಲೆಗಳು ಬಿಳಿಚಿ ಕಾಗದದಂತಾದವು. ಮಿಕ್ಕ ನಾಲ್ಕನ್ನು ಆಫ್ರಿಕನ್ ಬಸವನಹುಳು ರಾತ್ರಿ ಊಟಕ್ಕೆ ತೆಗೆದುಕೊಂಡಿತು, ಅದರ ಸುದ್ದಿ ಬೇಡ.

ಇದಕ್ಕೆ ಉತ್ತರ ಕೊಟ್ಟವರು ಸುಬೇದಾರರು, ಅದೂ ಸರಿಯಾದ ಉತ್ತರ. "ಲೇಹ್‌ಗೆ ವಿಮಾನದಲ್ಲಿ ಇಳಿದ ಸೈನಿಕನನ್ನು ಅದೇ ದಿನ ಗುಡ್ಡ ಹತ್ತಿಸುತ್ತಾರೆಯೇ? ಮೊದಲ ಆರು ದಿನ ಒಗ್ಗಿಸುತ್ತಾರೆ. ಎರಡು ದಿನ ಸುಮ್ಮನೆ ವಿಶ್ರಾಂತಿ, ಆಮೇಲೆ ಸ್ವಲ್ಪ ಸ್ವಲ್ಪ ನಡಿಗೆ. ನೀವು ಪಾಪದ ಸಸಿಯನ್ನು ಬಸ್ಸಿನಿಂದ ಇಳಿಸಿ ನೇರವಾಗಿ ಗಡಿಗೆ ಕಳುಹಿಸಿದ್ದೀರಿ."

ಅಕ್ಕ ಒಪ್ಪಿದರು. ಅವರ ಲೆಕ್ಕದಲ್ಲಿ ಏಳರಿಂದ ಹತ್ತು ದಿನ. ಮೊದಲ ದಿನ ಒಂದು ಗಂಟೆ ಹೊರಗೆ, ಮರುದಿನ ಎರಡು, ನೀರು ಸ್ವಲ್ಪ ಕಡಿಮೆ. ರಾತ್ರಿ ಒಳಗೆ.

ಸುಬೇದಾರರು ಗೆದ್ದ ಮುಖದಿಂದ ಸುತ್ತಲೂ ನೋಡಿದರು. ಆದರೂ ಒರಗಲಿಲ್ಲ. ಕಾಕಾ ಚಹಾದ ಲೋಟವನ್ನು ಕೆಳಗಿನ ಮೆಟ್ಟಿಲ ಮೇಲೆ ಇಟ್ಟಿದ್ದರು. ಅದನ್ನು ಬಗ್ಗಿ ಎತ್ತಿಕೊಳ್ಳದೆ ನನಗೆ ಸನ್ನೆ ಮಾಡಿದರು.

"ಹಂಡೆ ಒಲೆ ಇಲ್ಲದವರು ಏನು ಮಾಡಬೇಕು?" ಎಂದು ನಾನು ಕೇಳಿದೆ. ನಮ್ಮ ಮನೆಗೆ ಸೋಲಾರ್ ಬಂದು ಒಲೆ ಒಡೆಸಿಯಾಗಿತ್ತು.

ಅಕ್ಕ ನಕ್ಕರು. "ನಮ್ಮ ಅತ್ತೆ ಮೆಣಸಿನಕಾಯಿ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಮೈ ಕಾವು ಹಗಲು ರಾತ್ರಿ ಒಂದೇ ಸಮ. ಕೆಲವು ದಿನಕ್ಕೆ ಮೊಳಕೆ. ಕಳೆದ ಶುಕ್ರವಾರ ಸಂತೆಯಲ್ಲೂ ಯಾರಿಗೋ ಹೇಳಿದೆ. ಮಾಡಿದರೋ ಬಿಟ್ಟರೋ."

ಸುಬೇದಾರರು ಎಲ್ಲರಿಗಿಂತ ಜೋರಾಗಿ ನಕ್ಕರು. "ಕೋಳಿಯೇ ನಾವು, ಕಾವು ಕೂರಲಿಕ್ಕೆ? ಇಪ್ಪತ್ತೆಂಟು ವರ್ಷ ದೇಶ ಕಾದವನು ಮೆಣಸಿನಕಾಯಿ ಕಾಯಬೇಕೇ?"

"ಯಾರೂ ನಿಮಗೆ ಹೇಳಲಿಲ್ಲ, ಮಾವ" ಎಂದರು ಅಕ್ಕ.

ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಎಲ್ಲರೂ ಎದ್ದೆವು. ಸುಬೇದಾರರೂ ಎದ್ದರು, ಅಭ್ಯಾಸಬಲದಿಂದ ಕೋಟನ್ನು ಕೆಳಗೆ ಎಳೆದು ಸರಿಮಾಡಿಕೊಂಡರು. ಕೋಟಿನ ಅಡಿಯಿಂದ ಏನೋ ಜಾರಿ ಬೆಂಚಿನ ಮೇಲೆ ಬಿತ್ತು. ಹಳೆಯ ಬನಿಯನ್ ಹರಿದು ಮಾಡಿದ ಒದ್ದೆ ಗಂಟು, ಮೇಲೆ ಪ್ಲಾಸ್ಟಿಕ್, ಅದಕ್ಕೆ ಸೇನೆಯ ಬೂಟಿನ ಲೇಸು ಕಟ್ಟಿತ್ತು. ಬಿದ್ದ ರಭಸಕ್ಕೆ ಲೇಸು ಸಡಿಲಿ ಗಂಟು ಬಿಚ್ಚಿಕೊಂಡಿತು. ಒಳಗೆ ಹಳದಿ ಬೀಜಗಳು, ಒಂದೊಂದರ ಅಂಚಿನಿಂದಲೂ ಅಕ್ಕಿನುಚ್ಚಿನಷ್ಟು ಬಿಳಿ ಬೇರು ಬಾಗಿ ಹೊರಬಂದಿತ್ತು.

ಯಾರೂ ಉಸಿರೆತ್ತಲಿಲ್ಲ. ಕಾಕಾ ಬಸ್ಸಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿ, ತಾವೂ ನೋಡಲು ಬಂದರು.

ಅಕ್ಕ ಬಗ್ಗಿ, ಒಂದು ಬೀಜವನ್ನೂ ಮುಟ್ಟದೆ, ಬಟ್ಟೆಯನ್ನು ಮತ್ತೆ ಮೆಲ್ಲಗೆ ಮಡಿಸಿದರು. "ಮಾವ, ದಿನ ಎಷ್ಟಾಯಿತು?"

ಸುಬೇದಾರರು ಹಿಮ್ಮಡಿ ಜೋಡಿಸಿ ನಿಂತರು.

"ಆರು" ಎಂದರು.