ಆರು ವರ್ಷದ ಮಗಳಿಗೆ ಮನೆಯೊಳಗೇ ಬೆಳೆಸಲು ಯಾವ ಗಿಡ ಕೊಡಲಿ?

ವಿದ್ಯಾನಗರದ ಅಮ್ಮ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಕಾಸರಗೋಡಿನ ವಿದ್ಯಾನಗರದಲ್ಲಿ, ಮೂರನೇ ಮಾಳಿಗೆಯ ಬಾಡಿಗೆ ಫ್ಲಾಟು. ಅಂಗಳ ಇಲ್ಲ. ಸಣ್ಣ ಬಾಲ್ಕನಿ ಇದೆ, ಆದರೆ ಜೂನ್ ಬಂತೆಂದರೆ ಮಳೆ ನೇರ ಒಳಗೇ ಹೊಡೆಯುತ್ತದೆ, ಬಟ್ಟೆ ಹಾಕುವ ಹಾಗೂ ಇಲ್ಲ.

ಮಗಳು ಒಂದನೇ ಕ್ಲಾಸು. ಜೂನ್ 5ರ ಪರಿಸರ ದಿನಕ್ಕೆ ಶಾಲೆಯಲ್ಲಿ ಮಕ್ಕಳಿಗೆಲ್ಲ ಒಂದೊಂದು ಗಿಡ ಕೊಟ್ಟರು. ಇವಳಿಗೆ ಸಿಕ್ಕಿದ್ದು ಪೇರಳೆ ಸಸಿ. ನೆಡಲು ಜಾಗ ಎಲ್ಲಿ? ಹಳೇ ಬಕೆಟ್ಟಿಗೆ ಮಣ್ಣು ತುಂಬಿಸಿ ಹಾಲಿನ ಮೂಲೆಯಲ್ಲಿ, ಟಿವಿ ಪಕ್ಕ ಇಟ್ಟೆವು. ಬೆಳಿಗ್ಗೆ ಎದ್ದ ಕೂಡಲೇ ನೀರು, ಶಾಲೆಯಿಂದ ಬಂದ ಕೂಡಲೇ ನೀರು, ಮಲಗುವ ಮೊದಲು ಇನ್ನೊಂದು ಲೋಟ. ಮೂರು ವಾರದಲ್ಲಿ ಎಲೆ ಹಳದಿಯಾಗಿ ಒಂದೊಂದೇ ಉದುರಿತು. ಉದುರಿದ ಎಲೆಗಳನ್ನೆಲ್ಲ ಪೆನ್ಸಿಲ್ ಡಬ್ಬಿಯಲ್ಲಿ ಎತ್ತಿಟ್ಟಿದ್ದಾಳೆ. "ನಾನು ಸರಿಯಾಗಿ ನೋಡಿಕೊಳ್ಳಲಿಲ್ಲ ಅಲ್ವಾ ಅಮ್ಮ" ಅಂತ ಕೇಳಿದಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಈ ಸಲ ಬದುಕುವ ಗಿಡವೇ ಬೇಕು. ಬೆಳಕು ಬರುವುದು ಅಡುಗೆಮನೆಯ ಕಿಟಕಿಯಲ್ಲಿ ಮಾತ್ರ, ಪೂರ್ವಕ್ಕೆ ಇದೆ, ಬೆಳಿಗ್ಗೆ 10ರವರೆಗೆ ಚೆನ್ನಾಗಿರುತ್ತದೆ. ಇನ್ನೊಂದು ವಿಷಯ, ಒಂದೂವರೆ ವರ್ಷದ ಮಗನೂ ಇದ್ದಾನೆ, ಸಿಕ್ಕಿದ್ದೆಲ್ಲ ಬಾಯಿಗೆ. ಮನಿ ಪ್ಲಾಂಟ್ ಸಾಕು ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಹೌದಾ?

ಬದಿಯಡ್ಕದ ನಿವೃತ್ತ ಮಾಸ್ತರ್:

ಮೊದಲು ಮಗಳಿಗೆ ಹೇಳಿ, ತಪ್ಪು ಅವಳದ್ದಲ್ಲ. ಪೇರಳೆ ಬಿಸಿಲಿನ ಮರ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು, ಟಿವಿ ಪಕ್ಕ ಅದು ಬದುಕುವುದೇ ಇಲ್ಲ, ಯಾರು ನೋಡಿಕೊಂಡರೂ ಅಷ್ಟೇ. ಬಕೆಟ್ಟಿನ ತಳಕ್ಕೆ ತೂತು ಇತ್ತಾ? ಇಲ್ಲದಿದ್ದರೆ ನೀರು ಕೆಳಗೆ ನಿಂತು ಬೇರು ಕೊಳೆತಿರುತ್ತದೆ. ಬೇರಿಗೂ ಗಾಳಿ ಬೇಕು.

ಮೂವತ್ತು ವರ್ಷ ಸಣ್ಣ ಮಕ್ಕಳಿಗೆ ಪಾಠ ಮಾಡಿದವನು ನಾನು. ಆರು ವರ್ಷದ ಮಗುವಿಗೆ ಎರಡು ದಿನದಲ್ಲಿ ಏನಾದರೂ ಕಾಣಬೇಕು. ಹಾಗಾಗಿ ನರ್ಸರಿಗೆ ಹೋಗಬೇಡಿ, ಅಡುಗೆಮನೆಯ ಡಬ್ಬಿಯಿಂದಲೇ ಶುರು ಮಾಡಿ. ಒಂದು ಅಲಸಂಡೆ ಬೀಜವನ್ನು ರಾತ್ರಿ ನೆನೆಸಿ. ಗಾಜಿನ ಲೋಟದೊಳಗೆ ಒದ್ದೆ ಹತ್ತಿ ಬಟ್ಟೆ ಸುತ್ತಿ, ಬಟ್ಟೆಗೂ ಗಾಜಿಗೂ ನಡುವೆ ಬೀಜ ಸಿಕ್ಕಿಸಿ, ತಳದಲ್ಲಿ ಒಂದು ಬೆರಳಷ್ಟು ನೀರು. ಎರಡು ಮೂರು ದಿನದಲ್ಲಿ ಬಿಳಿ ಬೇರು ಹೊರಗೆ ಬಂದು ಕೆಳಗೆ ಇಳಿಯುತ್ತದೆ, ಎಲ್ಲ ಗಾಜಿನಿಂದಲೇ ಕಾಣುತ್ತದೆ. ಬೇರು ಒಂದು ಇಂಚು ಆದಾಗ ನೀರು ಚೆಲ್ಲಿ, ಲೋಟವನ್ನು ಅಡ್ಡ ಮಲಗಿಸಲು ಹೇಳಿ. ಮರುದಿನ ನೋಡಿದರೆ ಬೇರಿನ ತುದಿ ತಾನೇ ಬಾಗಿ ಮತ್ತೆ ಕೆಳಗೆ ತಿರುಗಿರುತ್ತದೆ. ನನ್ನ ಕ್ಲಾಸಿನಲ್ಲಿ ಇದನ್ನು ನೋಡಲು ಮಕ್ಕಳು ಬೆಲ್ ಹೊಡೆಯುವ ಮೊದಲೇ ಬಂದು ನಿಲ್ಲುತ್ತಿದ್ದರು. ಆಮೇಲೆ ಕುತ್ತಿಗೆ ಬಗ್ಗಿಸಿಕೊಂಡು ಕಾಂಡ ಮೇಲೆ ಬರುತ್ತದೆ, ಬೀಜದ ಎರಡು ಹೋಳನ್ನೂ ಎತ್ತಿಕೊಂಡೇ ಬರುತ್ತದೆ.

ಅದರ ಜೊತೆಗೆ ಒಂದು ಗೆರಟೆಯಲ್ಲಿ ಮೆಂತ್ಯ. ಗೆರಟೆಯ ಕಣ್ಣು ತೂತು ಮಾಡಿ, ತೆಂಗಿನ ನಾರಿನ ಪುಡಿ ತುಂಬಿಸಿ, ರಾತ್ರಿ ನೆನೆಸಿದ ಮೆಂತ್ಯ ಹರಡಿ, ಮೇಲೆ ತೆಳ್ಳಗೆ ಪುಡಿ ಮುಚ್ಚಿ. ಒತ್ತೊತ್ತಾಗಿ ಹಾಕಬೇಡಿ, ನಮ್ಮ ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯುತ್ತದೆ. ಹತ್ತು ದಿನದಲ್ಲಿ ಕತ್ತರಿಯಲ್ಲಿ ಕೊಯ್ದು ದೋಸೆಹಿಟ್ಟಿಗೆ ಹಾಕಬಹುದು. ಕೊತ್ತಂಬರಿ ಮೊದಲಿಗೆ ಬೇಡ, ಮೊಳಕೆಗೇ ಹತ್ತು ಹದಿನೈದು ದಿನ ಕಾಯಿಸುತ್ತದೆ. ಬಣ್ಣ ಹಚ್ಚಿದ ಕೃಷಿ ಬೀಜ ತರಲೇಬೇಡಿ, ಅದಕ್ಕೆ ಔಷಧಿ ಸವರಿರುತ್ತಾರೆ. ಅಡುಗೆಯ ಕಾಳು ಸಾಕು.

ಮಂಜೇಶ್ವರದಿಂದ:

ಮಾಸ್ತರು ಹೇಳಿದ್ದು ಸರಿ, ಆದರೆ ಅಲಸಂಡೆ ಲೋಟದಲ್ಲಿ ಎರಡು ವಾರಕ್ಕೆ ಮುಗಿಯುತ್ತದೆ. ಆಗ ಮಗು ಮತ್ತೆ ಅಳಬಾರದಲ್ವಾ? ಜೊತೆಗೆ ಉಳಿಯುವ ಗಿಡವೊಂದು ಇರಲಿ.

ನನ್ನ ಲೆಕ್ಕದಲ್ಲಿ ದೊಡ್ಡಪತ್ರೆ. ನಿಮ್ಮ ಮಲಯಾಳಿ ಪಕ್ಕದ ಮನೆಯವರಲ್ಲಿ ಪನಿಕ್ಕೂರ್ಕ ಅಂತ ಕೇಳಿ, ಯಾರ ಮನೆಯಲ್ಲಾದರೂ ಇದ್ದೇ ಇರುತ್ತದೆ. ಒಂದು ಗೇಣು ತುಂಡು ತಂದು, ಕೆಳಗಿನ ಎರಡು ಜೋಡಿ ಎಲೆ ಕಿತ್ತು, ಕೆಂಪು ಮಣ್ಣು, ಮರಳು, ಒಣಗಿದ ಹಟ್ಟಿಗೊಬ್ಬರ ಸಮ ಸಮ ಕಲಸಿ ಊರಿ. ಎರಡು ವಾರದೊಳಗೆ ಬೇರು ಹಿಡಿಯುತ್ತದೆ. ಎಲೆ ಮುಟ್ಟಿದರೆ ಸಾಕು, ಕೈಯೆಲ್ಲ ಪರಿಮಳ, ಮಕ್ಕಳಿಗೆ ಅದೇ ಖುಷಿ. ಚಿಕ್ಕವನು ಒಂದೆಲೆ ಕಚ್ಚಿದರೂ ಗಾಬರಿ ಬೇಡ, ನಾವು ತಂಬುಳಿ ಮಾಡಿ ಉಣ್ಣುವ ಸೊಪ್ಪೇ ಅದು. ದಪ್ಪ ಎಲೆ, ಅದರಲ್ಲೇ ನೀರು ಇರುತ್ತದೆ, ಹಾಗಾಗಿ ದಿನಾ ನೀರು ಹಾಕಬಾರದು. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ತೂರಿಸಿ ನೋಡಲು ಕಲಿಸಿ. ಒದ್ದೆ ಇದ್ದರೆ ಇವತ್ತು ನೀರಿಲ್ಲ.

ದಿನಾ ನೀರು ಹಾಕಲೇಬೇಕು ಅಂತ ಅವಳು ಹಟ ಮಾಡಿದರೆ ಒಂದೆಲಗ ಕೊಡಿ, ತುಳುವಿನ ತಿಮರೆ. ಅದಕ್ಕೆ ತೇವ ಇಷ್ಟ. ಬಳ್ಳಿ ಹರಿದು ಗೆಣ್ಣು ಗೆಣ್ಣಿಗೆ ಬೇರು ಬಿಡುತ್ತದೆ.

ಇನ್ನೊಂದು ಆಟ ಹೇಳುತ್ತೇನೆ. ಕಾಡುಬಸಳೆಯ ಒಂದು ಬಲಿತ ಎಲೆಯನ್ನು ದಾರಕ್ಕೆ ಕಟ್ಟಿ ಕ್ಯಾಲೆಂಡರ್ ಮೊಳೆಗೆ ತೂಗುಹಾಕಿ. ಮಣ್ಣಿಲ್ಲ, ನೀರಿಲ್ಲ. ಮಳೆಗಾಲದಲ್ಲಾದರೆ ಒಂದೆರಡು ವಾರದಲ್ಲಿ ಎಲೆಯ ಅಂಚಿನ ಒಂದೊಂದು ಕಚ್ಚಿನಿಂದಲೂ ಕೂದಲಿನ ಹಾಗೆ ಕೆಂಪು ಬೇರು, ಅದರ ಮೇಲೆ ಸಾಸಿವೆಯಷ್ಟು ಎರಡು ಎಲೆ. ಮಲಯಾಳದಲ್ಲಿ ಇದರ ಹೆಸರೇ ಇಲಮುಳಚ್ಚಿ, ಎಲೆಯಲ್ಲಿ ಮೊಳೆಯುವುದು ಅಂತ. ಇದನ್ನು ಮಾತ್ರ ಚಿಕ್ಕವನ ಕೈಗೆ ಎಟುಕದ ಹಾಗೆ ಇಡಿ, ತಿನ್ನುವ ಎಲೆ ಅಲ್ಲ.

ಕುಂಬಳೆಯ ಆರೋಗ್ಯ ಕಾರ್ಯಕರ್ತೆ:

ಅಕ್ಕ, ಮನಿ ಪ್ಲಾಂಟ್ ಸದ್ಯಕ್ಕೆ ಬೇಡ. ಕೆಸುವಿನ ಎಲೆ ಹಸಿಯಾಗಿ ಬಾಯಿಗೆ ಹೋದರೆ ತುರಿಸುತ್ತದಲ್ಲ, ಪತ್ರೊಡೆಗೆ ನಾವು ಹುಳಿ ಹಾಕುವುದೂ ಅದಕ್ಕೇ. ಮನಿ ಪ್ಲಾಂಟ್ ಕೆಸುವಿನದೇ ಕುಟುಂಬ. ಸೂಜಿಯಂಥ ಅದೇ ಹರಳು ಇದರ ಎಲೆಯಲ್ಲೂ ಇದೆ. ಮಗು ಜಗಿದರೆ ಬಾಯಿ ಉರಿ, ತುಟಿ ಊತ. ದೊಡ್ಡ ಎಲೆಯಲ್ಲಿ ಬಿಳಿ ಚುಕ್ಕೆ ಇರುವ ಡೈಫೆನ್‌ಬೇಕಿಯಾ ಕೂಡ ಹಾಗೇ. ಅಂಗಡಿಯಿಂದ ಚಂದಕ್ಕೆ ಒಂದು ತರಬೇಕಿದ್ದರೆ ಸ್ಪೈಡರ್ ಪ್ಲಾಂಟ್ ತನ್ನಿ, ಅದು ವಿಷ ಅಲ್ಲ. ದಾರದಂಥ ಕಡ್ಡಿಯ ತುದಿಯಲ್ಲಿ ಮರಿ ಬಿಡುತ್ತದೆ, ಮಗಳು ಎಣಿಸಬಹುದು.

ಮತ್ತೊಂದು ಮಾತು. ಬಾಟಲಿಯಲ್ಲಿ, ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ. ಡೆಂಗಿ ಸೊಳ್ಳೆಗೆ ಒಳ್ಳೆ ನೀರೇ ಬೇಕು, ಮನೆಯೊಳಗೇ ಮೊಟ್ಟೆ ಇಡುತ್ತದೆ. ನಾವು ಮನೆ ಮನೆಗೆ ಹೋದಾಗ ಎಷ್ಟೋ ಸಲ ಹುಳ ಸಿಗುವುದು ಗಿಡದ ಬಾಟಲಿಯಲ್ಲೇ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ. ಆದಿತ್ಯವಾರದ ಡ್ರೈ ಡೇಗೆ, ಅಂದರೆ ಮನೆಯಲ್ಲಿ ನಿಂತ ನೀರನ್ನೆಲ್ಲ ಖಾಲಿ ಮಾಡುವ ದಿನ, ಮಗಳ ಕೈಯಲ್ಲೇ ನೀರು ಚೆಲ್ಲಿಸಿ, ಬಾಟಲಿಯ ಒಳಗೋಡೆ ಉಜ್ಜಿ. ಮೊಟ್ಟೆ ಗೋಡೆಗೇ ಅಂಟಿರುತ್ತದೆ, ಸುಮ್ನೆ ನೀರು ಬದಲಾಯಿಸಿದರೆ ಹೋಗುವುದಿಲ್ಲ.

ಅಕ್ಕಲಕೋಟದಿಂದ:

ಅಕ್ಕಾ, ನಮ್ಮದು ಸೊಲ್ಲಾಪುರದ ಕಡೆ, ನಿಮ್ಮಷ್ಟು ಮಳೆ ಇಲ್ಲ. ಆದರೆ ಮನೆಯೊಳಗೆ ಬೆಳೆಸುವುದು ನಮಗೆ ಹೊಸದಲ್ಲ. ನವರಾತ್ರಿಗೆ ಘಟ ಹಾಕುತ್ತೇವೆ. ಮೊದಲ ದಿನ ದೇವರ ಮುಂದೆ ಹೊಲದ ಮಣ್ಣು ಹರಡಿ, ನಡುವೆ ಮಣ್ಣಿನ ಗಡಿಗೆ ಇಟ್ಟು, ಸುತ್ತ ಗೋಧಿ, ಜೋಳ ಬಿತ್ತುತ್ತೇವೆ. ದಸರಾ ಹೊತ್ತಿಗೆ ಗೇಣುದ್ದ ಸಸಿ. ಅದನ್ನು ಗಂಡಸರು ಟೋಪಿಗೆ ಸಿಗಿಸಿಕೊಳ್ಳುತ್ತಾರೆ.

ನನ್ನ ಮಗ ಸಣ್ಣವನಿದ್ದಾಗ ಸಸಿ ಯಾಕೆ ಹಳದಿ ಅಂತ ಕೇಳಿದ. ದೇವರ ಮನೆಯಲ್ಲಿ ಬೆಳಕು ಕಡಿಮೆ, ಬೆಳಕಿಲ್ಲದೆ ಎಲೆಗೆ ಹಸಿರು ಬರುವುದಿಲ್ಲ ಅಂದೆ. ನಂಬಲಿಲ್ಲ. ಎರಡು ತಾಟಿನಲ್ಲಿ ಗೋಧಿ ಹಾಕಿ ಒಂದನ್ನು ಕಪಾಟಿನಲ್ಲಿ, ಒಂದನ್ನು ಕಿಟಕಿಯಲ್ಲಿ ಇಟ್ಟೆವು. ವಾರದ ಮೇಲೆ ಕಪಾಟಿನದು ಉದ್ದ, ಹಳದಿ, ಸೊರಗಿದ್ದು. ಕಿಟಕಿಯದು ಗಿಡ್ಡ, ಹಸಿರು. ನಿಮ್ಮ ಮಗಳಿಗೂ ಇದನ್ನು ಮಾಡಿ ತೋರಿಸಿ. ಪೇರಳೆ ಯಾಕೆ ಹೋಯಿತು ಅಂತ ತಾನೇ ತಿಳಿದುಕೊಳ್ಳುತ್ತಾಳೆ, ನೀವು ಸಮಾಧಾನ ಹೇಳಬೇಕಿಲ್ಲ.

ಒಂದೇ ವಿನಂತಿ. ಅವಳು ಮರೆತ ದಿನ ನೀವು ಕದ್ದು ನೀರು ಹಾಕಬೇಡಿ. ನೆನಪು ಮಾಡಿ, ಅವಳೇ ಹಾಕಲಿ.

ವಿದ್ಯಾನಗರದ ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತಿಗೆ ಹದಿನೆಂಟು ದಿನ. ಬಕೆಟ್ಟಿಗೆ ತೂತು ಇರಲೇ ಇಲ್ಲ ಮಾಸ್ತರೇ. ಮೆಂತ್ಯ ಒಂದು ಸಲ ಕೊಯ್ದಾಯಿತು, ಎರಡನೇ ಗೆರಟೆ ಹಾಕಿದ್ದಾಳೆ. ಗೋಧಿಯ ಎರಡು ತಾಟು ಪಕ್ಕಪಕ್ಕ ಇಟ್ಟು ತುಂಬ ಹೊತ್ತು ನೋಡಿದಳು, ಆಮೇಲೆ "ಪೇರಳೆಗೆ ಕತ್ತಲಾಯಿತು" ಅಂದಳು. ಕಪಾಟಿನ ತಾಟನ್ನು ಅವಳೇ ಎತ್ತಿ ಕಿಟಕಿಗೆ ಇಟ್ಟಳು. ಮೂರು ದಿನದಲ್ಲಿ ಅದೂ ಹಸಿರಾಯಿತು.

ದೊಡ್ಡಪತ್ರೆ ಪಕ್ಕದ ಮನೆಯ ಚೇಚಿ ಕೊಟ್ಟರು. ಹೊಸದಾಗಿ ಎರಡು ಜೋಡಿ ಎಲೆ ಬಂದಿದೆ. ತಂಬುಳಿಗೆ ಎರಡೆಲೆ ಕೊಡು ಅಂದರೆ ಗೆರಟೆಗೆ ಕೈ ಅಡ್ಡ ಇಡುತ್ತಾಳೆ. ಯಾವಾಗ ಕೊಯ್ಯಬಹುದು?

ಮಂಜೇಶ್ವರದಿಂದ:

ಆರು ಜೋಡಿ ಆಗಲಿ. ಆಮೇಲೆ ತುದಿಯನ್ನು ಅವಳೇ ಚಿವುಟಲಿ, ಕೆಳಗಿನಿಂದ ಎರಡು ಕವಲು ಒಡೆಯುತ್ತದೆ. ಚಿವುಟಿದ ತುದಿಯನ್ನು ಇನ್ನೊಂದು ಗೆರಟೆಗೆ ಊರಿದರೆ ಅದೂ ಬೇರು ಬಿಡುತ್ತದೆ. ತಂಬುಳಿಗೆ ಕೆಳಗಿನ ಬಲಿತ ಎಲೆ ಸಾಕು.